ತಿರಗತದ, ಬಿಸಿ ಆಗವಲ್ದು

ವಿಜಯಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನ ಗದ್ದಲ ದಾಟಿ ಒಳಗೆ ಸರಿದರೆ ಒಂದು ಸಣ್ಣ ಓಣಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಅಲ್ಲಿ ಒಂದೊಂದೇ ಶಟರ್ ಮೇಲೇಳುತ್ತದೆ. ಒಬ್ಬರದು ಮಿಕ್ಸರ್ ಮೋಟಾರಿನ ವೈಂಡಿಂಗ್, ಇನ್ನೊಬ್ಬರದು ಗ್ಯಾಸ್ ಒಲೆ ಮತ್ತು ಕುಕ್ಕರ್, ಮತ್ತೊಬ್ಬರದು ಪಂಪ್‌ಸೆಟ್ಟಿನ ಸ್ಟಾರ್ಟರ್. ಕೊನೆಯದು ಚಾಚಾನ ಅಂಗಡಿ. ಹೆಸರಿನ ಬೋರ್ಡು ಮಾಸಿಹೋಗಿದೆ, ಯಾರೂ ಅದನ್ನು ಓದಿಕೊಂಡು ಬರುವುದೂ ಇಲ್ಲ. ರೇಡಿಯೊ, ಟೇಪ್‌ರೆಕಾರ್ಡರ್ ಬಿಚ್ಚುತ್ತ ಕೈ ಪಳಗಿಸಿಕೊಂಡ ಮನುಷ್ಯ. ಆಮೇಲೆ ಟಿವಿ ಬಂತು, ಈಗ ಅವರ ಮೇಜಿನ ಮೇಲೆ ಹೆಚ್ಚಾಗಿ ಕಾಣುವುದು ಮೈಕ್ರೊವೇವ್ ಓವನ್. ಗೋಡೆಗೆ ಆನಿಸಿಟ್ಟ ಏಳೆಂಟು ಪೆಟ್ಟಿಗೆಗಳ ಮೇಲೆ ಸೀಮೆಸುಣ್ಣದಲ್ಲಿ ಗಿರಾಕಿಯ ಊರು ಬರೆದಿರುತ್ತದೆ: ಟಿಕೋಟಾ, ಬಬಲೇಶ್ವರ, ಜಲನಗರ, ಮತ್ತೆ ಟಿಕೋಟಾ.

ನಿವೃತ್ತ ಶಿಕ್ಷಕಿಯೊಬ್ಬರು ಆಟೋದಿಂದ ಇಳಿದರು. ಹಳೆಯ ಚಾದರದಲ್ಲಿ ಸುತ್ತಿದ ಓವನ್ನನ್ನು ಆಟೋದವನೇ ತಂದು ಮೇಜಿನ ಮೇಲಿಟ್ಟ.

"ಏನಾಗ್ಯಾದ್ರಿ ಬಾಯಾರ?"

"ತಾಟ ತಿರಗತದ, ಲೈಟ್ ಹತ್ತತದ, ಮೊದಲಿಗಿಂತ ಜೋರ ಗುಂಯ್ ಅಂತದ. ಬಿಸಿ ಮಾತ್ರ ಆಗವಲ್ದು ನೋಡಪಾ."

ಚಾಚಾ ಸ್ಕ್ರೂಡ್ರೈವರ್ ಹಿಡಿಯಲಿಲ್ಲ. ಗಾಜಿನ ಬೋಗುಣಿಗೆ ಒಂದು ಲೀಟರ್ ನೀರು ಅಳೆದು ಹಾಕಿದರು, ಥರ್ಮಾಮೀಟರ್ ಅದ್ದಿ ನೋಡಿದರು: 27 ಡಿಗ್ರಿ. ಓವನ್ನಿನೊಳಗಿಟ್ಟು ಪೂರ್ತಿ ಪವರಿನಲ್ಲಿ ಎರಡು ನಿಮಿಷ ಓಡಿಸಿದರು. ಹೊರಗೆ ತೆಗೆದಾಗಲೂ 27. ಇದು ಜಗತ್ತಿನ ಯಾವ ಅಡುಗೆಮನೆಯಲ್ಲೂ ಮಾಡಬಹುದಾದ ಪರೀಕ್ಷೆ. ಒಂದು ಲೀಟರ್ ನೀರು ಎರಡು ನಿಮಿಷದಲ್ಲಿ 20 ಡಿಗ್ರಿ ಏರಿದರೆ ಯಂತ್ರ ಸುಮಾರು 700 ವ್ಯಾಟ್ ಶಾಖ ಕೊಡುತ್ತಿದೆ ಎಂದರ್ಥ. 10 ಡಿಗ್ರಿ ಏರಿದರೆ 350. ಮನೆಯಲ್ಲಿ ಸಾಮಾನ್ಯವಾಗಿ ಕಾಣುವ 20 ಲೀಟರಿನ ಓವನ್ ಕೊಡಬೇಕಾದದ್ದು ಅದೇ 700ರ ಆಸುಪಾಸು. ಗೋಡೆಯ ಪ್ಲಗ್ಗಿನಿಂದ ಅದು ಎಳೆಯುವುದು ಸಾವಿರದ ಮೇಲೆ. ಉಳಿದದ್ದು ಟ್ರಾನ್ಸ್‌ಫಾರ್ಮರಿನ, ಅಡುಗೆ ಕಾಯಿಸುವ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನಿನ ಮೈ ಕಾಯಿಸಿ ಫ್ಯಾನಿನ ಗಾಳಿಯಲ್ಲಿ ಹೊರಗೆ ಹೋಗುತ್ತದೆ.

ಈಗ ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಟ್ಟರು. ಹಿಂದಿನ ಸ್ಕ್ರೂಗಳಲ್ಲಿ ಒಂದರ ನಡುವೆ ಸಣ್ಣ ಮೊಳೆಯಂಥದ್ದು ಎದ್ದಿರುತ್ತದೆ, ಸಾಧಾರಣ ಸ್ಕ್ರೂಡ್ರೈವರ್ ಅದಕ್ಕೆ ಕೂರುವುದಿಲ್ಲ. ಕಂಪನಿಯವರು ಅದನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ. ಒಳಗಿರುವುದು ಮನೆಯ ಇನ್ನಾವ ಸಾಮಾನಿನಲ್ಲೂ ಇಲ್ಲದ ಅಪಾಯ. ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟನ್ನು ಎರಡು ಸಾವಿರಕ್ಕೆ ಏರಿಸುತ್ತದೆ. ಕೆಪಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು ನಾಲ್ಕು ಸಾವಿರದ ಹತ್ತಿರ ಒಯ್ಯುತ್ತವೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಆ ಶಕ್ತಿಯನ್ನು ಹಿಡಿದುಕೊಂಡಿರಬಹುದು. ಅದನ್ನು ನಿಧಾನ ಇಳಿಸಲು ಒಳಗೊಂದು ರೆಸಿಸ್ಟರ್ ಇಟ್ಟಿರುತ್ತಾರೆ, ಆದರೆ ಆ ರೆಸಿಸ್ಟರ್ ಸುಟ್ಟುಹೋಗಿದ್ದರೆ ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯದು. ನಮ್ಮ ಭಾಗದಲ್ಲಿ ನೆಲದಡಿ ಕಾಳು ತುಂಬಿಡುವ ಹಗೇವು ತೆರೆದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಬಾಯಿ ತೆಗೆದ ಕೂಡಲೇ ಯಾರೂ ಜೋಳದ ಹಗೇವಿಗೆ ಇಳಿಯುವುದಿಲ್ಲ. ದೀಪ ಇಳಿಬಿಟ್ಟು ನೋಡುತ್ತಾರೆ, ಉರಿದರೆ ಮಾತ್ರ ಕಾಲಿಡುತ್ತಾರೆ. ಚಾಚಾನ ದೀಪವೆಂದರೆ ತುದಿಗೆ ರೆಸಿಸ್ಟರ್ ಬೆಸೆದ ವೈರು ಕಟ್ಟಿದ ಒಂದು ಬೇಕಲೈಟ್ ಕಡ್ಡಿ. ಕೆಪಾಸಿಟರಿನ ಎರಡೂ ಕಿವಿಗೆ ಅದನ್ನು ಮುಟ್ಟಿಸಿ ಹಿಡಿದರು, ಮೀಟರ್ ಇಟ್ಟು ಸೊನ್ನೆ ನೋಡಿದರು, ಆಮೇಲೆ ಕೈ ಹಾಕಿದರು. ಅಷ್ಟು ಹೊತ್ತೂ ಎಡಗೈ ಬೆನ್ನ ಹಿಂದೆ ಇತ್ತು. ಎರಡೂ ಕೈ ಒಳಗಿದ್ದರೆ ಕರೆಂಟಿಗೆ ಎದೆಯ ಮೂಲಕ ದಾರಿ ಸಿಗುತ್ತದೆ.

ಡಯೋಡ್ ಕಿರುಬೆರಳಿನ ತುದಿಯಷ್ಟು ಕಪ್ಪು ತುಂಡು. ಸಾಧಾರಣ ಮೀಟರಿಗೆ ಅದು ಮಾತು ಕೊಡುವುದಿಲ್ಲ, ಚೆನ್ನಾಗಿದ್ದರೂ ಸತ್ತಂತೆ ತೋರಿಸುತ್ತದೆ. ಅದರೊಳಗೆ ಹಲವು ಡಯೋಡುಗಳು ಸಾಲಾಗಿ ಇರುವುದರಿಂದ ಮೀಟರಿನ ಸಣ್ಣ ಬ್ಯಾಟರಿಯ ಬಲ ಅದನ್ನು ದಾಟುವುದಿಲ್ಲ. ಹೊಸಬರು ಇಲ್ಲಿ ಎಡವಿ ಒಳ್ಳೆಯ ಡಯೋಡನ್ನೇ ಬಿಸಾಡುತ್ತಾರೆ. ಚಾಚಾ 9 ವೋಲ್ಟಿನ ಬ್ಯಾಟರಿಯನ್ನು ನಡುವೆ ಸೇರಿಸಿ ನೋಡಿದರು. ಚೆನ್ನಾಗಿರುವ ಡಯೋಡ್ ಒಂದು ಕಡೆಯಿಂದ ದಾರಿ ಬಿಡಬೇಕು, ತಿರುಗಿಸಿ ಹಿಡಿದರೆ ಸೊನ್ನೆ ತೋರಿಸಬೇಕು. ಇದು ಎರಡೂ ಕಡೆ ಒಂಬತ್ತೇ ತೋರಿಸಿತು. "ಶಾರ್ಟ್ ಆಗ್ಯಾದ್ರಿ. ಅದಕ್ಕ ಗುಂಯ್ ಅಂತಿತ್ತು." ಡಯೋಡ್ ಹೋದರೆ ಕೆಪಾಸಿಟರಿಗೂ ಏಟು ಬಿದ್ದಿರಬಹುದೆಂದು ಅದನ್ನೂ ನೋಡಿದರು. ಮ್ಯಾಗ್ನೆಟ್ರಾನಿನ ಎರಡು ಕಡ್ಡಿಗಳ ನಡುವೆ ಒಂದು ಓಮಿಗಿಂತ ಕಡಿಮೆ, ಕಡ್ಡಿಗೂ ಮೈಗೂ ಸಂಬಂಧವೇ ಇಲ್ಲ. ಸರಿಯಾಗಿದೆ. ಹೊಸ ಡಯೋಡ್ ಹಾಕಿ ಮುಚ್ಚಿ ಮತ್ತೆ ಒಂದು ಲೀಟರ್ ನೀರು: 27ರಿಂದ 46. ಇಡೀ ಓವನ್ನಿನಲ್ಲಿ ತೀರ ಅಗ್ಗದ ಭಾಗಗಳಲ್ಲೊಂದು ಹೋಗಿತ್ತು. ಬಾಯಾರು ಹೊಸ ಓವನ್ ಕೊಳ್ಳಲು ಮನಸ್ಸು ಮಾಡಿ ಬಿಟ್ಟಿದ್ದರಂತೆ.

ಈ ಪೆಟ್ಟಿಗೆಯ ಹಿಂದೆ ದೊಡ್ಡ ಚರಿತ್ರೆ ಇದೆ. 1940ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರಾಂಡಲ್ ಮತ್ತು ಬೂಟ್ ಎಂಬಿಬ್ಬರು ರೂಪಿಸಿದ ಮ್ಯಾಗ್ನೆಟ್ರಾನ್ ಯುದ್ಧದ ರಾಡಾರಿಗೆ ಜೀವ ಕೊಟ್ಟಿತು. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಅದರ ಎದುರು ನಿಂತಾಗ ಜೇಬಿನಲ್ಲಿದ್ದ ಸಿಹಿ ತುಂಡು ಕರಗಿದ ಕತೆ ಎಲ್ಲರಿಗೂ ಗೊತ್ತು. ಕಂಪನಿ ಮಾರಾಟಕ್ಕೆ ತಂದ ಮೊದಲ ಓವನ್ ಆಳೆತ್ತರದ್ದು, 340 ಕಿಲೋ ತೂಗುತ್ತಿತ್ತು. ಕಟ್ಟೆಯ ಮೇಲೆ ಕೂರುವ ಮನೆ ಓವನ್ ಅಲ್ಲಿ ಜನಪ್ರಿಯವಾದದ್ದು 1967ರ ನಂತರ. ಆಮೇಲೆ ಅಮೆರಿಕದವರು ಅದನ್ನು ಒಲೆಯ ನೆತ್ತಿಗೇ ಏರಿಸಿದರು. ಮೇಲೆ ಓವನ್, ಅದರ ಹೊಟ್ಟೆಯಡಿ ದೀಪ, ಹೊಗೆ ಎಳೆಯುವ ಫ್ಯಾನು, ಜಿಡ್ಡು ಹಿಡಿಯುವ ಜಾಳಿಗೆ ಎಲ್ಲ ಒಂದರಲ್ಲೇ.

ಅಂಥದ್ದೊಂದು ಅದೇ ಹೊತ್ತಿಗೆ ಬಾಯಾರ ಫೋನಿನಲ್ಲಿ ಕಾಣಿಸಿತು. ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಇಲ್ಲಿ ಬೆಳಗಿನ ಹತ್ತೂವರೆ, ಅಲ್ಲಿ ಹಿಂದಿನ ರಾತ್ರಿ ಹತ್ತು. "ನಿಂದು ದುರಸ್ತಿ ಆತು, ನನ್ನದೂ ಒಂದ್ ಸಲ ಕೇಳವ್ವಾ" ಅಂದಳು ಮಗಳು. ಫೋನು ಚಾಚಾನ ಕೈಗೆ ಬಂತು.

"ಕಾಕಾ, ಮನ್ನೆ ಊಟಕ್ಕ ಮಂದಿ ಬಂದಿದ್ರು. ಕೆಳಗ ನಾಕೂ ಒಲಿ ಹಚ್ಚಿದ್ದೆ. ಒಮ್ಮೆಲೆ ಓವನ್ ಬಂದ್ ಆತು, ಗಡಿಯಾರದ ಅಂಕಿನೂ ಹೋದ್ವು. ತಾಸಿನ ಮ್ಯಾಲೆ ತಾನ ಹತ್ತಿತು."

"ಕೆಳಗಿನ ಜಾಳಗಿ ತಗದು ತೋರಸವ್ವಾ."

ಮಗಳು ಬಗ್ಗಿ ಹೊಟ್ಟೆಯಡಿಯ ಅಲ್ಯುಮಿನಿಯಂ ಜಾಳಿಗೆ ಜಾರಿಸಿ ಬೆಳಕಿಗೆ ಹಿಡಿದಳು. ಬೆಳಕು ಹಾಯಲಿಲ್ಲ. ಒಗ್ಗರಣೆಯ ಜಿಡ್ಡು ಜೇನಿನ ಬಣ್ಣಕ್ಕೆ ತಿರುಗಿ ಒಂದೊಂದು ಕಣ್ಣನ್ನೂ ಮುಚ್ಚಿತ್ತು. ಕೆಳಗಿನ ಬಿಸಿ ಮೇಲೇರುತ್ತದೆ, ಫ್ಯಾನಿಗೆ ಗಾಳಿ ಸಿಗುವುದಿಲ್ಲ, ಒಳಗಿನ ಥರ್ಮಲ್ ಕಟ್‌ಔಟ್ ಕರೆಂಟು ಕಡಿದುಬಿಡುತ್ತದೆ, ತಣ್ಣಗಾದ ಮೇಲೆ ಮತ್ತೆ ಸೇರುತ್ತದೆ. ಯಂತ್ರ ತನ್ನನ್ನು ತಾನು ಕಾಪಾಡಿಕೊಂಡಿದೆ. "ಬಿಸಿನೀರು, ಸಾಬಾಣ ಹಾಕಿ ನೆನಸಿ ತೊಳಿ. ಒಳಗ ಕರೀ ಇದ್ದಲಿದು ಇನ್ನೊಂದು ಜಾಳಗಿ ಇದ್ದರ ಅದನ್ನ ತೊಳಿಬ್ಯಾಡ, ಹೊಸಾದ ಹಾಕು. ಹಂಗ ಮಾಡಿದ ಮ್ಯಾಲೂ ಬಂದ್ ಆದರ ಅಲ್ಲಿಯ ಮಿಸ್ತ್ರಿಗೆ ತೋರಸು." ಹದಿಮೂರು ಸಾವಿರ ಕಿಲೋಮೀಟರಿನಾಚೆಯ ಯಂತ್ರದ ಕೇಡನ್ನು ಓಣಿಯ ತುದಿಯ ಈ ಮನುಷ್ಯ ಜಾಳಿಗೆಯೊಂದನ್ನು ನೋಡಿ ಹೇಳಿದ್ದು ನನಗೆ ಸಣ್ಣ ವಿಷಯವೆನಿಸಲಿಲ್ಲ. ಅವರು ಅಂಥ ಓವನ್ನನ್ನು ಕೈಯಲ್ಲಿ ಮುಟ್ಟಿದವರೇ ಅಲ್ಲ. ಶಾಖ ಎತ್ತ ಹೋಗುತ್ತದೆ, ಗಾಳಿ ಎಲ್ಲಿಂದ ಬರಬೇಕು ಎಂಬುದು ಅವರಿಗೆ ಗೊತ್ತಿತ್ತು, ಅಷ್ಟೇ ಸಾಕಾಯಿತು.

ಮಗಳಿಗೆ ಇನ್ನೊಂದು ಆಸೆ. ಮುಂದಿನ ವರ್ಷ ಮನೆ ಬದಲಿಸುವಾಗ ಈ ಓವನ್ನನ್ನು ಊರಿಗೆ ಕಳಿಸಿ ಅವ್ವನ ಅಡುಗೆಮನೆಯಲ್ಲಿ ತೂಗುಹಾಕಿಸಬೇಕು. ಚಾಚಾ ಖಡಾಖಂಡಿತ ಬೇಡವೆಂದರು. ಅಲ್ಲಿಯ ಕರೆಂಟು 120 ವೋಲ್ಟ್, 60 ಹರ್ಟ್ಸ್. ಇಲ್ಲಿಯದು 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜನ್ನು ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಿ ಇಳಿಸಬಹುದು, ಹರ್ಟ್ಸನ್ನು ಅದು ಬದಲಿಸಲಾರದು. 60ಕ್ಕೆಂದು ಸುತ್ತಿದ ಟ್ರಾನ್ಸ್‌ಫಾರ್ಮರಿನ ಕಬ್ಬಿಣ 50ರಲ್ಲಿ ತಡೆಯಲಾರದೆ ಕಾಯುತ್ತದೆ, ಕೊನೆಗೆ ಸುಡುತ್ತದೆ.

ಆದರೂ ಒಲೆಯ ಮೇಲಿನ ಓವನ್ನಿನ ಚಿತ್ರ ನಮ್ಮೂರಿನವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅಥಣಿ ರಸ್ತೆಯ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸುತ್ತಿರುವ ದಂಪತಿ ಅದೇ ವಾರ ಚಾಚಾನನ್ನು ಕರೆಸಿದ್ದರು. ಸಿಮೆಂಟಿನ ವಾಸನೆ ಇನ್ನೂ ಆರದ ಅಡುಗೆಮನೆ, ಫರ್ಸಿ ಕೂರಿಸಲು ಕಾದು ನಿಂತ ಗೌಂಡಿ. ಹೆಂಡತಿಯ ಫೋನಿನಲ್ಲಿ ಅಮೆರಿಕದ ಅಡುಗೆಮನೆಯ ಫೋಟೊ. ಚಾಚಾ ಟೇಪು ಬಿಚ್ಚಿ ಮೊದಲು ಅಳೆದದ್ದು ಗೋಡೆಯನ್ನಲ್ಲ, ಆ ಹೆಣ್ಣುಮಗಳ ಎತ್ತರವನ್ನು. ಐದಡಿ ಒಂದಿಂಚು.

ಲೆಕ್ಕ ಹೀಗಿದೆ. ಅಮೆರಿಕದಲ್ಲಿ ಒಲೆಯ ಮಟ್ಟ ನೆಲದಿಂದ 36 ಇಂಚು. ಅದರ ಮೇಲೆ 30 ಇಂಚು ಬಿಟ್ಟು ಗೋಡೆ ಕಪಾಟು. ಓವನ್ ಆ ಕಪಾಟಿಗೆ ತಲೆ ತಾಗಿಸಿ ಜೋತುಬೀಳುತ್ತದೆ, ಹಾಗಾಗಿ ಅದರ ತಲೆ 66 ಇಂಚಿನಲ್ಲಿ. ಓವನ್ನಿನ ಎತ್ತರ 16-17 ಇಂಚು. ಉರಿಗೂ ಅದರ ತಳಕ್ಕೂ ಉಳಿಯುವುದು ಹೆಚ್ಚೆಂದರೆ 14 ಇಂಚು. ಅಗಲ 30 ಇಂಚು, ಕೆಳಗಿನ ಒಲೆಯ ಅಗಲವೂ ಅಷ್ಟೇ. ತೂಕ 25 ಕಿಲೋದ ಸುಮಾರು, ಗೋಡೆಗೆ ಬಿಗಿದ ಕಬ್ಬಿಣದ ಪಟ್ಟಿಯೂ ಮೇಲಿನ ಕಪಾಟೂ ಸೇರಿ ಹೊರಬೇಕು. ನಮ್ಮಲ್ಲಿ ಚಿಮಣಿಯನ್ನೇ ಒಲೆಯಿಂದ 26ರಿಂದ 30 ಇಂಚು ಮೇಲೆ ಹಾಕುತ್ತಾರೆ. ರೊಟ್ಟಿ ಬಡಿಯುವ ಮನೆಯಲ್ಲಿ ಹಂಚಿನಡಿ ತಾಸುಗಟ್ಟಲೆ ಉರಿ, ಮೆಣಸಿನಕಾಯಿ ಹುರಿಯುವ ದಿನ ಘಾಟು, ಕುದಿಯುವ ಸಾರನ್ನು ದಾಟಿ ಐದಡಿಯ ಹೆಂಗಸು ತಲೆಯ ಮಟ್ಟದಿಂದ ಬಿಸಿ ಬಟ್ಟಲು ಇಳಿಸಬೇಕು. ಸೀರೆಯ ಸೆರಗು ಎಲ್ಲಿರುತ್ತದೆ ಎಂದು ಯಾರಾದರೂ ಯೋಚಿಸಬೇಕು.

ಇನ್ನೂ ದೊಡ್ಡ ತೊಡಕೆಂದರೆ ನಮ್ಮ ಪೇಟೆಯಲ್ಲಿ ಸಿಗುವುದು ಹೆಚ್ಚಾಗಿ ಕಟ್ಟೆಯ ಮೇಲಿಡುವ ಓವನ್. ಅದರ ತಳ ಕೆಳಗಿನ ಉರಿ ತಡೆಯುವಂತೆ ಮಾಡಿದ್ದಲ್ಲ. ಅದನ್ನೇ ಬ್ರ್ಯಾಕೆಟ್ ಹಾಕಿ ಒಲೆಯ ಮೇಲೆ ಕೂರಿಸಿದ ಮನೆಗಳನ್ನು ಚಾಚಾ ಕಂಡಿದ್ದಾರೆ. ಪ್ಲಾಸ್ಟಿಕ್ ಪಾದ ಕರಗಿ, ಬಾಗಿಲು ಸೊಟ್ಟಗಾಗಿ, ಗುಂಡಿಗಳ ಹಾಳೆ ಬಿರಿದು ಅವರ ಮೇಜಿಗೆ ಬಂದಿವೆ. "ಒಲಿ ಬಿಟ್ಟು ಬಾಜೂಕ ಇಡ್ರಿ, ಎದಿ ಮಟ್ಟಕ್ಕ" ಎಂದು ಗೌಂಡಿಗೆ ಪೆನ್ಸಿಲ್ಲಿನಲ್ಲಿ ಗೋಡೆಯ ಮೇಲೇ ಗುರುತು ಹಾಕಿಕೊಟ್ಟರು. 20 ಲೀಟರಿನ ಓವನ್ ಸುಮಾರು 45 ಸೆಂಟಿಮೀಟರ್ ಅಗಲ, 26 ಎತ್ತರ, 35 ಆಳ. ಅಷ್ಟಕ್ಕೇ ಗೂಡು ಮಾಡಿದರೆ ಉಸಿರು ಕಟ್ಟುತ್ತದೆ. ಎರಡೂ ಪಕ್ಕ ಮತ್ತು ಹಿಂದೆ ಒಂದು ಗೇಣಿನ ಅರ್ಧ, ಮೇಲೆ ಒಂದು ಗೇಣು ಗಾಳಿಗೆ ಬಿಡಬೇಕು. ಅಂದರೆ ಗೂಡು 65 ಅಗಲ, 46 ಎತ್ತರ, 45 ಆಳಕ್ಕೆ ಕಡಿಮೆ ಆಗಕೂಡದು. 16 ಆಂಪಿಯರಿನ ಪ್ಲಗ್ ಹಿಂದೆ ಬೇಡ, ಪಕ್ಕದಲ್ಲಿ ಕೈಗೆ ಸಿಗುವಂತೆ ಇರಬೇಕು. ಮತ್ತೆ ಅರ್ಥಿಂಗ್. ವಿಜಯಪುರದ ನೆಲದಲ್ಲಿ ಸ್ವಲ್ಪ ಅಗೆದರೆ ಕರಿಕಲ್ಲು. ಇದ್ದಲು, ಉಪ್ಪು ಹಾಕಿ ತೋಡಿದ ಅರ್ಥಿಂಗ್ ಗುಂಡಿ ಏಪ್ರಿಲ್-ಮೇ ತಿಂಗಳಲ್ಲಿ ಒಣಗಿ ಹೆಸರಿಗಷ್ಟೇ ಉಳಿಯುತ್ತದೆ. ಬೇಸಿಗೆಯಲ್ಲಿ ಅದಕ್ಕೂ ನೀರು ಹೊಯ್ಯಿರಿ ಎಂದು ಚಾಚಾ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಓವನ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂಬ ದೂರಿಗೆ ಅರ್ಧ ಮದ್ದು ಅಲ್ಲಿದೆ.

ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಟಿಕೋಟಾ. ರಸ್ತೆಯ ಎರಡೂ ಕಡೆ ದ್ರಾಕ್ಷಿ ಚಪ್ಪರ, ನಡುನಡುವೆ ಬಲೆಯ ಅಂತಸ್ತುಗಳ ಮೇಲೆ ಒಣದ್ರಾಕ್ಷಿ ಹರವುವ ಶೆಡ್ಡುಗಳು. ರೈತರಲ್ಲಿ ಎಷ್ಟೋ ಜನ ಊರು ಬಿಟ್ಟು ತೋಟದ ವಸ್ತಿಯಲ್ಲೇ ಇರುತ್ತಾರೆ. ಮನೆ ಚೆಂದ ಕಟ್ಟಿಸಿದ್ದಾರೆ, ಅಡುಗೆಮನೆಯಲ್ಲಿ ಎಲ್ಲವೂ ಇದೆ, ಕರೆಂಟು ಮಾತ್ರ ಪಂಪ್‌ಸೆಟ್ಟಿನ ಲೈನಿನದು. ಅಂಥ ಒಂದು ವಸ್ತಿಯ ಅಕ್ಕನ ದೂರು ವಿಚಿತ್ರವಾಗಿತ್ತು: "ಒಮ್ಮೊಮ್ಮೆ ಛಲೋ ಕಾಸತದ್ರಿ, ತೋಟಕ್ಕ ನೀರು ಬಿಟ್ಟಾಗ ಕಾಸೂದ ಇಲ್ಲ."

ಚಾಚಾ ಪ್ಲಗ್ಗಿಗೆ ಮೀಟರ್ ಇಟ್ಟರು. 224. ಮನೆಯ ಯಜಮಾನನಿಗೆ ಪಂಪು ಹಚ್ಚಲು ಹೇಳಿದರು, ಅಕ್ಕಪಕ್ಕದ ತೋಟಗಳ ಪಂಪುಗಳೂ ಹತ್ತಿದವು. ಅಂಕಿ ಇಳಿಯುತ್ತ 178ಕ್ಕೆ ನಿಂತಿತು. ಬಲ್ಬು ಮಂಕಾಗಿದ್ದು ನಮಗೂ ಕಂಡಿತು. ಮನೆಯ ಕರೆಂಟು ಇಳಿದರೆ ಟ್ರಾನ್ಸ್‌ಫಾರ್ಮರ್ ಮಾಡುವ ಸಾವಿರಗಳೂ ಇಳಿಯುತ್ತವೆ. ಮ್ಯಾಗ್ನೆಟ್ರಾನ್ ಒಂದು ಮಟ್ಟಕ್ಕಿಂತ ಕೆಳಗೆ ಕೆಲಸವನ್ನೇ ಮಾಡದು, ತಾಟು ಮತ್ತು ದೀಪ ಮಾತ್ರ ನಡೆಯುತ್ತಿರುತ್ತವೆ. ಯಂತ್ರದಲ್ಲಿ ಕೇಡಿಲ್ಲ. ನೀರು ಬಿಡುವ ಹೊತ್ತಿಗೆ ಓವನ್ ಹಚ್ಚಬೇಡಿ, ಇಲ್ಲವೇ ಅದರ ಹೊರೆ ತಡೆಯುವ 2 ಕೆವಿಎಗೆ ಕಡಿಮೆಯಿಲ್ಲದ ಸ್ಟೆಬಿಲೈಜರ್ ಹಾಕಿಸಿ, ಫ್ರಿಜ್ಜಿನ ಸಣ್ಣದು ಸಾಲದು ಎಂದು ಹೇಳಿ ಪೆಟ್ರೋಲಿನ ರೊಕ್ಕವಷ್ಟೇ ತೆಗೆದುಕೊಂಡು ಹೊರಟರು. ಇದೇ ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳ ಉಷ್ಣ ವಿದ್ಯುತ್ ಸ್ಥಾವರವಿದೆ, ಆದರೂ ವಸ್ತಿಗಳದು ಈ ಪಾಡು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಬೇರೆಬೇರೆ ಲೈನು ಎಳೆದರು, ಊರೊಳಗಿನವರಿಗೆ ಅನುಕೂಲವಾಯಿತು. ವಸ್ತಿಯ ಮನೆಗಳು ಪಂಪಿನ ಲೈನಿನ ಮೇಲೆಯೇ ಉಳಿದವು. ಅವೂ ಮನೆಗಳೇ ಎಂದು ಲೆಕ್ಕಕ್ಕೆ ಬರಬೇಕು.

ಬಬಲೇಶ್ವರದ ಒಂದು ಮನೆಯಲ್ಲಿ ಎರಡು ದೂರು ಒಟ್ಟಿಗೆ ಕಾದಿದ್ದವು. ಒಂದು, ಓವನ್ನಿನೊಳಗೆ ಕಿಡಿ ಹಾರುತ್ತದೆ. ಬಲಗೋಡೆಯಲ್ಲಿ ಅಂಗೈಯಗಲ ಒಂದು ಹಾಳೆ ಇರುತ್ತದೆ, ಅಭ್ರಕದ್ದು. ಅಲೆಗಳು ಒಳಗೆ ಬರುವ ಕಿಂಡಿಗೆ ಅದೇ ಪರದೆ. ತುಪ್ಪ, ಪಲ್ಯದ ಎಣ್ಣೆ ಸಿಡಿದು ಅದರ ಮೇಲೆ ಕೂತು ಕರಕಲಾಗಿತ್ತು. ಕರಕಲು ಅಲೆಯನ್ನು ಹೀರಿ ಕಾಯುತ್ತದೆ, ಸುಟ್ಟು ತೂತಾಗುತ್ತದೆ, ಆಮೇಲೆ ಕಿಡಿ. ಚಾಚಾ ಚೀಲದಿಂದ ಅಭ್ರಕದ ಹೊಸ ಹಾಳೆ ತೆಗೆದು, ಹಳೆಯದನ್ನು ಮೇಲಿಟ್ಟು ಗೆರೆ ಎಳೆದು, ಅಂಗಿ ಕತ್ತರಿಸುವ ಕತ್ತರಿಯಲ್ಲಿ ಪದರು ಏಳದಂತೆ ನಿಧಾನ ಕತ್ತರಿಸಿ ಕೂರಿಸಿದರು. ಕೈಬೆರಳಲ್ಲಿ ಹೊಳೆಯುವ ಪುಡಿ ಉಳಿಯಿತು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರೆ ಈ ಖರ್ಚೂ ಇರಲಿಲ್ಲ.

ಎರಡನೆಯದು ಬಾಗಿಲು. ಕೊಕ್ಕೆ ಸವೆದು ಒತ್ತಿ ಹಿಡಿಯದೆ ಹತ್ತುತ್ತಿರಲಿಲ್ಲ. ಮನೆಯ ತರುಣ ಸುಲಭದ ದಾರಿ ಹೇಳಿದ: "ಆ ಸ್ವಿಚ್ ಡೈರೆಕ್ಟ್ ಮಾಡಿಬಿಡ್ರಿ ಚಾಚಾ, ತಲಿನೋವ ಹೋಗತದ."

"ಅದೊಂದು ನಾ ಮಾಡಂಗಿಲ್ಲಪಾ. ರೊಕ್ಕ ಎಷ್ಟ ಕೊಟ್ರೂ."

ಬಾಗಿಲಿನ ಹಿಂದೆ ಮೂರು ಪುಟ್ಟ ಸ್ವಿಚ್ಚುಗಳಿರುತ್ತವೆ. ಎರಡು ಬಾಗಿಲು ತೆರೆದ ಕೂಡಲೇ ಕರೆಂಟು ಕಡಿಯುತ್ತವೆ. ಮೂರನೆಯದು ಅವುಗಳ ಕಾವಲುಗಾರ. ಅವು ಅಂಟಿಕೊಂಡು ಕೈಕೊಟ್ಟರೆ ಅದು ಬೇಕೆಂದೇ ಶಾರ್ಟ್ ಮಾಡಿ ಫ್ಯೂಜ್ ಸುಡುತ್ತದೆ. ಬಾಗಿಲು ತೆರೆದಿದ್ದಾಗ ಯಂತ್ರ ಎಂದೂ ಓಡಬಾರದು ಎಂಬ ಒಂದೇ ಕಾರಣಕ್ಕೆ ಇಷ್ಟು ಏರ್ಪಾಟು. ಆ ಅಲೆ ಪಲ್ಯವನ್ನು ಕಾಯಿಸಿದಂತೆಯೇ ಕಣ್ಣನ್ನೂ ಕಾಯಿಸುತ್ತದೆ. ಕಣ್ಣಿನ ಮಸೂರದಲ್ಲಿ ಬಿಸಿ ಒಯ್ಯಲು ರಕ್ತನಾಳಗಳಿಲ್ಲ. ಫ್ಯೂಜ್ ಪದೇಪದೇ ಹೋಗುತ್ತಿದ್ದರೆ ಕೆಲವರು ದಪ್ಪ ತಂತಿ ಸುತ್ತಿ ಕೊಡುತ್ತಾರೆ. ಅದು ದುರಸ್ತಿಯಲ್ಲ, ಕಾವಲುಗಾರನ ಬಾಯಿ ಕಟ್ಟುವುದು. ಚಾಚಾ ಓವನ್ನನ್ನು ಮೋಟಾರ್‌ಸೈಕಲ್ಲಿನ ಹಿಂದೆ ಹಗ್ಗ ಹಾಕಿ ಬಿಗಿದುಕೊಂಡರು. ಸರಿಯಾದ ಕೊಕ್ಕೆ ಸೊಲ್ಲಾಪುರದಿಂದ ತರಿಸಿ ಹಾಕಿಕೊಡುವುದಾಗಿ ಹೇಳಿದರು. ತರುಣನಿಗೆ ಹಿಡಿಸಲಿಲ್ಲ. ಅವನ ತಾಯಿ ಮಾತ್ರ "ಎಂಟ ದಿನ ಆಗಲಿ ತಗೋ, ಸರಿ ಮಾಡೇ ಕೊಡ್ರಿ" ಅಂದರು.

ಯಾವುದನ್ನು ಮಾಡಬಾರದೆಂದು ತಿಳಿದ ಮಿಸ್ತ್ರಿಯೇ ನನಗೆ ಮೇಲಾಗಿ ಕಾಣುತ್ತಾರೆ. ಇಂಥವರು ಪ್ರತಿ ತಾಲ್ಲೂಕು ಊರಿನಲ್ಲೂ ಒಬ್ಬಿಬ್ಬರಿದ್ದಾರೆ. ಅವರ ಹತ್ತಿರ ಕಲಿಯುವ ಹುಡುಗರು ಕಡಿಮೆಯಾಗುತ್ತಿದ್ದಾರೆ ಎಂಬುದು ಖೇದದ ವಿಷಯ. ಐಟಿಐ ಮುಗಿಸಿದ ಹುಡುಗನೊಬ್ಬ ಆರು ತಿಂಗಳು ಚಾಚಾನ ಪಕ್ಕ ಕೂತರೆ ಆ ಬೇಕಲೈಟ್ ಕಡ್ಡಿಯ ಬುದ್ಧಿ ಮುಂದಿನ ಪೀಳಿಗೆಗೆ ದಾಟುತ್ತದೆ.

ನಿಮ್ಮ ಮನೆಯ ಓವನ್ ಬಿಸಿ ಮಾಡುತ್ತಿಲ್ಲವಾದರೆ ಮೊದಲು ಒಂದು ಲೀಟರ್ ನೀರಿಟ್ಟು ನೋಡಿ, ಪ್ಲಗ್ಗಿನ ವೋಲ್ಟೇಜ್ ಅಳೆಸಿ, ಒಳಗಿನ ಅಭ್ರಕದ ಹಾಳೆ ನೋಡಿ. ಇಷ್ಟು ನಿಮ್ಮ ಕೆಲಸ. ಮೇಲಿನ ಮುಚ್ಚಳ ಮಾತ್ರ ನೀವು ತೆಗೆಯಬೇಡಿ, ಅದನ್ನು ಬಲ್ಲವರ ಕೈಗೆ ಕೊಡಿ. ಯಾವ ಭಾಗ ಬದಲಾಯಿತೆಂದು ಚೀಟಿಯಲ್ಲಿ ಬರೆಸಿಕೊಳ್ಳಿ, ತೆಗೆದ ಹಳೆಯ ಭಾಗ ಕೇಳಿ ಪಡೆಯಿರಿ, ಮುಚ್ಚಿದ ಮೇಲೆ ನಿಮ್ಮೆದುರಿಗೇ ಮತ್ತೊಮ್ಮೆ ನೀರು ಕಾಯಿಸಿ ತೋರಿಸಲು ಹೇಳಿ. ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.